ಮುಚ್ಚಿದ ಹಿಮಗುಡ್ಡಕ್ಕೆ ಹೊಸ ಗೇಟು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಹೆಸರಾಂತ ಸ್ಕೀ ಊರು. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸ್ಟೇಜ್‌ಕೋಚ್ ಸಿಗುತ್ತದೆ. ಯಾಂಪಾ ನದಿಗೆ ಕಟ್ಟಿದ ಜಲಾಶಯ, ದಂಡೆಯ ಮೇಲೆ ಸರ್ಕಾರಿ ಉದ್ಯಾನ, ಅಲ್ಲೊಂದು ಇಲ್ಲೊಂದು ಮನೆ. ಇಲ್ಲಿನ ಬೆಟ್ಟದ ಮೈಮೇಲೆ ಕಾಡು ಕಡಿದು ಮಾಡಿದ ಅಗಲವಾದ ಪಟ್ಟಿಗಳಿವೆ. ಅವು ಸ್ಕೀ ಹಾದಿಗಳು. 1972ರ ಚಳಿಗಾಲದಲ್ಲಿ ಇಲ್ಲಿ ಜನ ಜಾರತೊಡಗಿದರು. 1974ರಲ್ಲಿ ಎಲ್ಲ ನಿಂತುಹೋಯಿತು. ನಡೆದದ್ದು ಎರಡೇ ಹಂಗಾಮು.

ಬೆಟ್ಟದಲ್ಲಿ ಹಿಮ ಕಡಿಮೆ ಬಿದ್ದು ಸ್ಟೇಜ್‌ಕೋಚ್ ಮುಚ್ಚಿದ್ದಲ್ಲ. ಅದನ್ನು ಕಟ್ಟಿದ ವುಡ್‌ಮೂರ್ ಕಾರ್ಪೊರೇಷನ್ ಮೂಲತಃ ಭೂಮಿ ವ್ಯವಹಾರದ ಕಂಪನಿ. ಬೆಟ್ಟದ ಬುಡದ ಜಮೀನನ್ನು ಸೈಟುಗಳಾಗಿ ಹರಿದು, ನಕ್ಷೆ ಬರೆದು, ಮಾರಿತು. ‘ಮನೆಯ ಮುಂದೆಯೇ ಸ್ಕೀ’ ಎನ್ನುವುದು ಸೈಟು ಕೊಳ್ಳುವವರಿಗೆ ತೋರಿಸಿದ ಆಕರ್ಷಣೆ. ಕಂಪನಿ ದಿವಾಳಿಯಾದಾಗ ಚೇರ್‌ಲಿಫ್ಟ್‌ಗಳೂ ನಿಂತವು. ರಸ್ತೆ, ನೀರು, ಒಳಚರಂಡಿ ಬಾರದ ಎಷ್ಟೋ ಸೈಟುಗಳು ದಶಕಗಟ್ಟಲೆ ಬರೀ ಕಾಗದದ ಮೇಲೆ ಉಳಿದವು. ಬಡಾವಣೆಯ ಬೋರ್ಡು ನೋಡಿ ಹಣ ಕಟ್ಟಿ ಮುಂದೆ ಕಚೇರಿಯಿಂದ ಕಚೇರಿಗೆ ಅಲೆದವರ ಸಂಕಟ ಬೆಂಗಳೂರಿನ ಸುತ್ತಮುತ್ತಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ಬೆಟ್ಟವನ್ನು ಮತ್ತೆ ತೆರೆಯುವ ಯೋಜನೆಯೊಂದು ಈಚಿನ ವರ್ಷಗಳಲ್ಲಿ ಮುಂದೆ ಬಂತು. ತಂದದ್ದು ಆರಿಜೋನಾದ ಡಿಸ್ಕವರಿ ಲ್ಯಾಂಡ್ ಕಂಪನಿ. ಸಾವಿರಾರು ಎಕರೆ ಖಾಸಗಿ ಜಮೀನು, ಗಾಲ್ಫ್ ಮೈದಾನ, ನೂರಾರು ಮನೆ, ಜೊತೆಗೆ ಸ್ಕೀ ಗುಡ್ಡ. ಆದರೆ ಈ ಸಲ ಟಿಕೆಟ್ ಕೌಂಟರ್ ಇಲ್ಲ. ಅಲ್ಲಿ ಮನೆ ಕೊಂಡವರು, ಸದಸ್ಯತ್ವ ಪಡೆದವರು, ಅವರ ಅತಿಥಿಗಳು ಮಾತ್ರ ಬೆಟ್ಟ ಹತ್ತಬಹುದು. ಸುದ್ದಿ ಹರಡಿದ ಮೇಲೆ ಸ್ಟೇಜ್‌ಕೋಚ್ ಇರುವ ರೌಟ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ದಕ್ಷಿಣ ಭಾಗದ ಊರುಗಳಲ್ಲಿ ಎರಡು ಬಣವಾಯಿತು. ಕೆಲಸ ಸಿಗುತ್ತದೆ, ತೆರಿಗೆ ಬರುತ್ತದೆ ಎಂದರು ಕೆಲವರು. ತಮ್ಮ ಕಣ್ಣೆದುರಿನ ಬೆಟ್ಟಕ್ಕೆ ಗೇಟು ಬೀಳುತ್ತದೆ ಎಂದರು ಉಳಿದವರು.

ಎರಡೂ ಮಾತು ನಿಜ. ಆದರೆ ಇವೆರಡರಿಂದಲೇ ತೀರ್ಮಾನಕ್ಕೆ ಬರುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದೊಂದಿದೆ. ಒಮ್ಮೆ ಸೈಟು ವ್ಯಾಪಾರವನ್ನು ನಂಬಿ ಸತ್ತ ಗುಡ್ಡ, ಇನ್ನೂ ದುಬಾರಿ ಸೈಟು ವ್ಯಾಪಾರವನ್ನು ನಂಬಿ ಬದುಕುತ್ತದೆಯೇ? ಅದೂ ಮುಗ್ಗರಿಸಿದರೆ ನಷ್ಟ ಹೊರುವವರು ಯಾರು?

ಹೀಗೆ ಮುಚ್ಚಿದ ಗುಡ್ಡಗಳು ಅಮೆರಿಕದಲ್ಲಿ ನೂರಾರಿವೆ. ಜೆರೆಮಿ ಡೇವಿಸ್ ಎಂಬ ಹವಾಮಾನ ತಜ್ಞ 1998ರಲ್ಲಿ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಕಳೆದುಹೋದ ಸ್ಕೀ ತಾಣಗಳ ಪಟ್ಟಿ ಮಾಡಲು ಹೊರಟರು. ಆ ಪುಟ್ಟ ಪ್ರದೇಶದಲ್ಲೇ 600ಕ್ಕೂ ಹೆಚ್ಚು ಸಿಕ್ಕವು. ಇಡೀ ದೇಶದಲ್ಲಿ 1982–83ರ ಹಂಗಾಮಿನಲ್ಲಿ 735 ಸ್ಕೀ ತಾಣಗಳು ನಡೆಯುತ್ತಿದ್ದವು. ಈಗ ಅವು ಐನೂರಕ್ಕೂ ಕಡಿಮೆ.

ಸಣ್ಣ ಗುಡ್ಡಗಳು ಸತ್ತ ರೀತಿ ಬೇರೆ. 1934ರಲ್ಲಿ ವರ್ಮಾಂಟ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಒಬ್ಬ ರೈತನ ಹುಲ್ಲುಗಾವಲಿನಲ್ಲಿ, ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ನಿಗೆ ಹಗ್ಗ ಸುತ್ತಿ ಜನರನ್ನು ಗುಡ್ಡದ ಮೇಲಕ್ಕೆ ಎಳೆಯಲಾಯಿತು. ದೇಶದ ಮೊದಲ ಹಗ್ಗದ ಎಳೆತ ಅದು. ಅದನ್ನು ನೋಡಿ ಊರೂರಲ್ಲಿ ಅಂಥ ಗುಡ್ಡಗಳು ಹುಟ್ಟಿಕೊಂಡವು. ಹೆದ್ದಾರಿಗಳು ಬಂದಮೇಲೆ ಜನ ದೊಡ್ಡ ಬೆಟ್ಟಗಳತ್ತ ಹೋದರು. ಹಿಮ ಸರಿಯಾಗಿ ಬೀಳದ ವರ್ಷಗಳಲ್ಲಿ, ಯಂತ್ರದಿಂದ ಹಿಮ ಮಾಡುವ ಶಕ್ತಿ ಇಲ್ಲದವರು ಬಾಗಿಲು ಹಾಕಿದರು. ವರ್ಮಾಂಟ್‌ನ ಸ್ಟ್ರ್ಯಾಟನ್ ಬೆಟ್ಟದಲ್ಲಿ ಬಿದ್ದು ಅಂಗವಿಕಲನಾದ ಯುವಕನಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು 1978ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮೇಲೆ ವಿಮೆಯ ಕಂತು ಏರಿತು. ರೈತನ ಗುಡ್ಡ, ಶಾಲೆಯ ಗುಡ್ಡ, ಚರ್ಚಿನ ಗುಡ್ಡ ಅದನ್ನು ತಾಳಿಕೊಳ್ಳಲಿಲ್ಲ.

ದೊಡ್ಡ ಬೆಟ್ಟಗಳ ಕಥೆಯಲ್ಲಿ ಮಾತ್ರ ಆರಂಭದಿಂದಲೂ ಇನ್ನೊಂದು ವ್ಯಾಪಾರ ಹೆಣೆದುಕೊಂಡಿತ್ತು. ಜಗತ್ತಿನ ಮೊದಲ ಚೇರ್‌ಲಿಫ್ಟ್ 1936ರಲ್ಲಿ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಓಡಿತು. ಹಾಕಿಸಿದ್ದು ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ. ವಿನ್ಯಾಸ ಮಾಡಿದ್ದು ಅದರ ಎಂಜಿನಿಯರ್ ಜಿಮ್ ಕರ್ರನ್. ಬಾಳೆಗೊನೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಹಡಗಿಗೆ ಏರಿಸುವ ಸಾಗಣೆ ವ್ಯವಸ್ಥೆ ಅವರಿಗೆ ಗೊತ್ತಿತ್ತು. ಕೊಕ್ಕೆಯ ಬದಲು ಕುರ್ಚಿ ತೂಗುಹಾಕಿದರೆ ಮನುಷ್ಯರನ್ನೂ ಬೆಟ್ಟಕ್ಕೆ ಏರಿಸಬಹುದೆಂದು ಹೊಳೆದದ್ದು ಅವರಿಗೆ. ರೈಲ್ವೆ ಕಂಪನಿ ಇಷ್ಟೆಲ್ಲ ಮಾಡಿದ್ದು ರೈಲು ಟಿಕೆಟ್ ಮಾರಾಟವಾಗಲಿ ಎಂದು. ಮುಂದೆ ಆ ಜಾಗಕ್ಕೆ ಮನೆ, ಅಪಾರ್ಟ್‌ಮೆಂಟ್, ಸೈಟುಗಳ ಮಾರಾಟ ಬಂತು. ಸ್ಕೀ ನಡೆಸುವುದರಿಂದಲೇ ಕೈತುಂಬ ಲಾಭ ಬರುತ್ತದೆಂದು ದೊಡ್ಡ ಬಂಡವಾಳ ಹೂಡಿದವರು ಕಡಿಮೆ.

ಮುಚ್ಚಿದ ಗುಡ್ಡವನ್ನು ಎಬ್ಬಿಸುವುದು ಎಷ್ಟು ಕಷ್ಟ ಎಂಬುದು ಹಳೆಯ ಚೇರ್‌ಲಿಫ್ಟ್ ಒಂದನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕಂಬಗಳ ತುದಿಯಲ್ಲಿ ಸಾಲು ಸಾಲು ರಾಟೆಗಳಿರುತ್ತವೆ. ಅವುಗಳ ಮೇಲೆ ಉಕ್ಕಿನ ಹಗ್ಗ ಓಡುತ್ತದೆ. ರಾಟೆಯ ಅಂಚಿಗೆ ಹೊದಿಸಿದ ರಬ್ಬರು ಬಿಸಿಲಿಗೂ ಚಳಿಗೂ ಸಿಕ್ಕಿ ಬಿರುಕು ಬಿಟ್ಟಿರುತ್ತದೆ. ಬೇರಿಂಗ್‌ನ ಗ್ರೀಸು ಒಣಗಿ ಗಟ್ಟಿಯಾಗಿರುತ್ತದೆ. ನೆಲದೊಳಗಿನ ನೀರು ಪ್ರತಿ ಚಳಿಗಾಲ ಹೆಪ್ಪುಗಟ್ಟಿ ಉಬ್ಬುವುದರಿಂದ ಕಂಬದ ಕಾಂಕ್ರೀಟ್ ಪಾಯ ಅಲುಗಿರಬಹುದು. ಕಂಬ ಕೊಂಚ ವಾಲಿದರೂ ಹಗ್ಗ ರಾಟೆಯಿಂದ ಜಾರುವ ಅಪಾಯವಿದೆ. ಹಗ್ಗ ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನ ಎಳೆ ತುಕ್ಕು ಹಿಡಿದು ಮುರಿದಿರಬಹುದು. ಅದನ್ನು ಕಣ್ಣಿನಿಂದ ಪತ್ತೆಹಚ್ಚಲಾಗದು. ಹಗ್ಗದ ಉದ್ದಕ್ಕೂ ಕಾಂತೀಯ ಪರೀಕ್ಷೆ ಮಾಡಬೇಕು. ಪ್ರತಿ ಕುರ್ಚಿಯನ್ನು ಹಗ್ಗಕ್ಕೆ ಹಿಡಿದಿಡುವ ಹಿಡಿಕೆಯನ್ನು ಬಿಚ್ಚಿ ಒಂದೊಂದಾಗಿ ಪರೀಕ್ಷಿಸಬೇಕು. ಕೊಲರಾಡೊದಲ್ಲಿ ಇದನ್ನು ನೋಡಿಕೊಳ್ಳಲೆಂದೇ 1965ರಿಂದ ಸರ್ಕಾರಿ ಮಂಡಳಿಯೊಂದಿದೆ. ಅದು ಲೈಸೆನ್ಸ್ ಕೊಡದೆ ಲಿಫ್ಟ್‌ನಲ್ಲಿ ಜನರನ್ನು ಕೂರಿಸುವಂತಿಲ್ಲ. ಇಷ್ಟೆಲ್ಲ ನೋಡಿದ ಮೇಲೆ ಹೆಚ್ಚಿನವರು ಹಳೆಯದನ್ನು ಕಿತ್ತು ಹೊಸತನ್ನೇ ಹಾಕುತ್ತಾರೆ. ಆರು ಜನ ಕೂರುವ ವೇಗದ ಲಿಫ್ಟ್‌ಗೆ ಒಂದು ಕೋಟಿ ಡಾಲರ್ ಆಸುಪಾಸು ಖರ್ಚು.

ಇದರ ಮೇಲೆ ನೀರು ಬೇಕು. ಒಂದು ಎಕರೆಯಲ್ಲಿ ಒಂದಡಿ ದಪ್ಪಕ್ಕೆ ಯಂತ್ರದ ಹಿಮ ಹಾಸಲು ಸುಮಾರು 6 ಲಕ್ಷ ಲೀಟರ್ ನೀರು ಹೋಗುತ್ತದೆ. ಪಂಪು, ಕೊಳವೆ, ಕಂಪ್ರೆಸರ್, ವಿದ್ಯುತ್ತು ಬೇರೆ.

ಇಷ್ಟು ಹಣವನ್ನು ಟಿಕೆಟ್ ಮಾರಿ ಹುಟ್ಟಿಸುವುದು ಈಗ ಮಧ್ಯಮ ಗಾತ್ರದ ಬೆಟ್ಟಕ್ಕೆ ಆಗದ ಮಾತು. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿ ಎಪಿಕ್ ಪಾಸ್ ತಂದಿತು. ಒಮ್ಮೆ ಹಣ ಕಟ್ಟಿದರೆ ಕಂಪನಿಯ ಬೆಟ್ಟಗಳಲ್ಲೆಲ್ಲ ಚಳಿಗಾಲವಿಡೀ ಸ್ಕೀ ಮಾಡಬಹುದು. 2018ರಲ್ಲಿ ಅದಕ್ಕೆ ಎದುರಾಗಿ ಐಕಾನ್ ಪಾಸ್ ಬಂತು. ಜನ ಪಾಸ್ ಕೊಂಡು ಆ ಬೆಟ್ಟಗಳಿಗೇ ಹೋಗತೊಡಗಿದರು. ಪಾಸ್ ಇಲ್ಲದವರಿಗೆ ವೇಲ್‌ನಲ್ಲಿ ಒಂದು ದಿನದ ಟಿಕೆಟ್ ದರ ಹಂಗಾಮಿನ ಭರಾಟೆಯಲ್ಲಿ 300 ಡಾಲರ್ ದಾಟಿದೆ. ಈ ಎರಡು ಜಾಲಗಳಿಗೆ ಸೇರದ ಬೆಟ್ಟ, ಅದೂ ಮುಚ್ಚಿ ಹತ್ತಾರು ವರ್ಷವಾದದ್ದು, ಹೊಸದಾಗಿ ಗಿರಾಕಿ ಹುಡುಕುವುದು ಎಲ್ಲಿಂದ?

ಅಲ್ಲೇ ಖಾಸಗಿ ಕ್ಲಬ್ಬಿನ ಲೆಕ್ಕ ಹುಟ್ಟುವುದು. ದಿನಕ್ಕೆ ಸಾವಿರಾರು ಜನ ಬರಲೇಬೇಕೆಂಬ ಕಷ್ಟವಿಲ್ಲ. ಕೆಲವು ನೂರು ಶ್ರೀಮಂತ ಕುಟುಂಬಗಳು ಸಾಕು. ಅವು ಮನೆ ಕೊಳ್ಳುತ್ತವೆ, ಪ್ರವೇಶ ಶುಲ್ಕ ಕಟ್ಟುತ್ತವೆ, ವರ್ಷವರ್ಷ ನಿರ್ವಹಣೆಗೆ ಕೊಡುತ್ತವೆ. ದೊಡ್ಡ ಬೆಟ್ಟಗಳಲ್ಲಿ ಲಿಫ್ಟ್‌ಗೆ ಸಾಲು ನಿಂತು ಬೇಸತ್ತವರಿಗೆ ಖಾಲಿ ಬೆಟ್ಟವೇ ದೊಡ್ಡ ಆಸೆ. ಯೂಟಾದ ಪೌಡರ್ ಮೌಂಟನ್ ಇದರ ಅರೆಬರೆ ರೂಪ. ಅಲ್ಲಿ ಬಂಡವಾಳ ಹೂಡಿದ ನೆಟ್‌ಫ್ಲಿಕ್ಸ್ ಸಹಸ್ಥಾಪಕ ರೀಡ್ ಹೇಸ್ಟಿಂಗ್ಸ್, ಕೆಲವು ಲಿಫ್ಟ್‌ಗಳು ಇನ್ನು ಮುಂದೆ ಮನೆ ಮಾಲೀಕರಿಗೆ ಮಾತ್ರ ಎಂದು 2023ರ ಕೊನೆಗೆ ಪ್ರಕಟಿಸಿದರು. ಉಳಿದ ಬೆಟ್ಟ ಸಾರ್ವಜನಿಕರಿಗೆ ತೆರೆದಿರುತ್ತದೆ. ಅದರ ಖರ್ಚನ್ನು ಆ ಮನೆಗಳ ಮಾರಾಟ ಹೊರುತ್ತದೆ ಎಂಬುದು ಅವರ ವಾದ.

ಎಲ್ಲ ಬೆಟ್ಟಕ್ಕೂ ಹೀಗೆ ಗೇಟು ಹಾಕಲಾಗದು ಎಂಬುದನ್ನೂ ಇಲ್ಲಿ ಹೇಳಬೇಕು. ಪಶ್ಚಿಮದ ದೊಡ್ಡ ಸ್ಕೀ ತಾಣಗಳಲ್ಲಿ ಬಹಳಷ್ಟು ಇರುವುದು ರಾಷ್ಟ್ರೀಯ ಅರಣ್ಯದಲ್ಲಿ. ಅಲ್ಲಿ ಕಂಪನಿ ಅರಣ್ಯ ಇಲಾಖೆಯ ಪರವಾನಗಿ ಪಡೆದು ನಡೆಸುವ ಬಾಡಿಗೆದಾರ, ಜಮೀನು ಜನರದು. ಖಾಸಗಿ ಕ್ಲಬ್ಬಿನ ಕನಸು ಕಾಣುವವರು ಹುಡುಕುವುದು ಬುಡದಿಂದ ತುದಿವರೆಗೂ ಖಾಸಗಿ ಒಡೆತನದಲ್ಲಿರುವ ಬೆಟ್ಟವನ್ನು. ಹಾದಿ ಕಡಿದಿಟ್ಟ, ಮಾಲೀಕ ಸೋತು ಬಿಟ್ಟುಹೋದ ಹಳೆಯ ಗುಡ್ಡ ಅಂಥವರಿಗೆ ಸುಲಭವಾಗಿ ಒದಗುತ್ತದೆ.

ಈ ಪ್ರಯೋಗ ಹೇಗೆ ನಡೆಯುತ್ತದೆ ಎಂಬುದಕ್ಕೆ ವರ್ಮಾಂಟ್‌ನ ಹೇಸ್ಟ್ಯಾಕ್ ಗುಡ್ಡದಷ್ಟು ಪಾಠ ಹೇಳುವ ಉದಾಹರಣೆ ಇನ್ನೊಂದಿಲ್ಲ. ವಿಲ್ಮಿಂಗ್ಟನ್ ಊರಿನ ಈ ಗುಡ್ಡ 1964ರಲ್ಲಿ ಸಾರ್ವಜನಿಕ ಸ್ಕೀ ತಾಣವಾಗಿ ತೆರೆಯಿತು. ಮಾಲೀಕರು ಬದಲಾಗುತ್ತಲೇ ಹೋದರು. ಕೊನೆಗೆ ಪಕ್ಕದ ದೊಡ್ಡ ಬೆಟ್ಟ ಮೌಂಟ್ ಸ್ನೋ ಜೊತೆ ಒಂದೇ ಕಂಪನಿಯ ಕೈಸೇರಿ ಅದರ ನೆರಳಿನಲ್ಲಿ ಉಳಿಯಿತು. 2005ರಲ್ಲಿ ಮಾರಾಟವಾದಾಗಲೇ ಅದನ್ನು ಖಾಸಗಿ ರೆಸಾರ್ಟ್ ಮಾಡುವ ಮಾತಿತ್ತು. ಆ ಯೋಜನೆ ಅರ್ಧಕ್ಕೆ ನಿಂತಿತು.

2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ಮಳೆಗೆ ಡೀರ್‌ಫೀಲ್ಡ್ ನದಿ ಉಕ್ಕಿ ವಿಲ್ಮಿಂಗ್ಟನ್‌ನ ಪೇಟೆಬೀದಿಗೆ ನುಗ್ಗಿತು. ಅಂಗಡಿಗಳು ಮುಳುಗಿದವು. ಅದೇ ವರ್ಷ ಕನೆಕ್ಟಿಕಟ್‌ನ ಉದ್ಯಮಿ ಜಿಮ್ ಬಾರ್ನ್ಸ್ ತಮ್ಮ ತ್ಯಾಜ್ಯ ನಿರ್ವಹಣೆ ಕಂಪನಿಯನ್ನು ಮಾರಿ ಬಂದ ಹಣದ ಬಲದಲ್ಲಿ ಹೇಸ್ಟ್ಯಾಕ್ ಕೊಂಡರು. ನೀರಿಳಿದ ಮೇಲೆ ಕೆಸರು ಬಳಿಯುತ್ತಿದ್ದ ಊರಿಗೆ ಇದು ದೊಡ್ಡ ಆಸರೆಯಾಗಿ ಕಂಡದ್ದು ಸಹಜ. ಗುಡ್ಡ ಹರ್ಮಿಟೇಜ್ ಕ್ಲಬ್ ಆಯಿತು. ಸುಮಾರು 80,000 ಚದರ ಅಡಿಯ ಕ್ಲಬ್‌ಹೌಸ್ ಎದ್ದಿತು. 2015ರಲ್ಲಿ ಆರು ಜನ ಕೂರುವ ಹೊಸ ಲಿಫ್ಟ್ ಬಂತು. ಅದರ ಆಸನ ಬೆಚ್ಚಗಿರುತ್ತದೆ, ಗಾಳಿ ತಾಗದಂತೆ ಮೇಲೊಂದು ಪಾರದರ್ಶಕ ಮುಚ್ಚಳ ಇಳಿಯುತ್ತದೆ. ಸುತ್ತಲಿನ ವಸತಿಗೃಹಗಳನ್ನೂ ಕ್ಲಬ್ ಕೊಂಡಿತು. ನಲ್ಲಿ ರಿಪೇರಿಯವರಿಂದ ಅಡುಗೆಯವರವರೆಗೆ ಊರಿನವರಿಗೆ ಕೆಲಸ ಸಿಕ್ಕಿತು.

ಕಟ್ಟಿದ್ದೆಲ್ಲ ಮುಂದೆ ಬರಲಿರುವ ಸದಸ್ಯರ ಲೆಕ್ಕದಲ್ಲಿ. ಸದಸ್ಯರು ಆ ವೇಗದಲ್ಲಿ ಬರಲಿಲ್ಲ. ಮನೆಗಳು ಅಂದುಕೊಂಡಷ್ಟು ಏಳಲಿಲ್ಲ. 2018ರ ಆರಂಭದಲ್ಲಿ ಬರ್ಕ್‌ಶೈರ್ ಬ್ಯಾಂಕ್ 1.6 ಕೋಟಿ ಡಾಲರ್‌ಗೂ ಹೆಚ್ಚಿನ ಸಾಲಕ್ಕಾಗಿ ಆಸ್ತಿ ಮುಟ್ಟುಗೋಲಿಗೆ ದಾವೆ ಹೂಡಿತು. ಮಾರ್ಚ್‌ನಲ್ಲಿ, ಗುಡ್ಡದ ಮೇಲೆ ಇನ್ನೂ ಹಿಮ ಇರುವಾಗಲೇ, ಹತ್ತು ಲಕ್ಷ ಡಾಲರ್‌ಗೂ ಮೀರಿದ ತೆರಿಗೆ ಬಾಕಿಗಾಗಿ ರಾಜ್ಯದ ತೆರಿಗೆ ಇಲಾಖೆ ಕ್ಲಬ್ಬಿಗೆ ಬೀಗ ಹಾಕಿಸಿತು. 2019ರಲ್ಲಿ ಬಾಕಿ ಬರಬೇಕಿದ್ದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಅದನ್ನು ದಿವಾಳಿ ಪ್ರಕ್ರಿಯೆಗೆ ಎಳೆದರು. 2020ರ ಮಾರ್ಚ್‌ನಲ್ಲಿ ನಡೆದ ಹರಾಜಿನಲ್ಲಿ ಸುಮಾರು 180 ಮಂದಿ ಸದಸ್ಯರೇ ಒಟ್ಟಾಗಿ 80.6 ಲಕ್ಷ ಡಾಲರ್‌ಗೆ ಗುಡ್ಡವನ್ನು ಕೊಂಡರು. ಆ ವರ್ಷದ ಚಳಿಗಾಲದಲ್ಲೇ ಲಿಫ್ಟ್ ಮತ್ತೆ ಓಡಿತು. ಈಗ ಅದು ಸದಸ್ಯರದೇ ಒಡೆತನದ ಕ್ಲಬ್.

ಬ್ಯಾಂಕಿಗೆ ಬರಬೇಕಿದ್ದುದರ ಅರ್ಧದಷ್ಟು ಬೆಲೆಗೆ ಗುಡ್ಡ ಕೈಬದಲಾಯಿಸಿತು ಎಂಬುದು ಗಮನಿಸಬೇಕಾದ ಮಾತು. ಖಾಸಗಿ ಸ್ಕೀ ಕ್ಲಬ್ಬುಗಳಲ್ಲೇ ಅತಿ ಶ್ರೀಮಂತವಾದ ಮೊಂಟಾನಾದ ಯೆಲ್ಲೋಸ್ಟೋನ್ ಕ್ಲಬ್ಬಿನ ಕಥೆಯೂ ಇದೇ ದಾರಿಯದು. ಟಿಮ್ ಬ್ಲಿಕ್ಸೆತ್ 1990ರ ದಶಕದ ಕೊನೆಗೆ ಕಟ್ಟಿದ ಈ ಕ್ಲಬ್ 2005ರಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕಿನಿಂದ 37.5 ಕೋಟಿ ಡಾಲರ್ ಸಾಲ ಎತ್ತಿತು. ಅದರಲ್ಲಿ 20.9 ಕೋಟಿ ಬೆಟ್ಟಕ್ಕೆ ಸೇರದೆ ಮಾಲೀಕರ ಬೇರೆ ವ್ಯವಹಾರಗಳತ್ತ ಹೋಯಿತು. 2008ರ ನವೆಂಬರ್‌ನಲ್ಲಿ ಕ್ಲಬ್ ದಿವಾಳಿ ರಕ್ಷಣೆ ಕೋರಿತು. ಮರುವರ್ಷ ಕ್ರಾಸ್‌ಹಾರ್ಬರ್ ಎಂಬ ಹೂಡಿಕೆ ಕಂಪನಿ 11.5 ಕೋಟಿಗೆ ಅದನ್ನು ಕೊಂಡಿತು. ಅಲ್ಲಿಂದಾಚೆಗೆ ಅದು ಏಳುತ್ತಲೇ ಬಂದಿದೆ. ಸ್ಟೇಜ್‌ಕೋಚ್‌ಗೆ ಯೋಜನೆ ತಂದ ಡಿಸ್ಕವರಿ ಕಂಪನಿಯೇ ಇಂದು ಯೆಲ್ಲೋಸ್ಟೋನ್ ಕ್ಲಬ್ಬನ್ನು ನಡೆಸುವುದು.

ಅಂದರೆ ಈ ಕ್ಲಬ್ಬುಗಳು ಬದುಕಿದ್ದು ಮೊದಲ ಮಾಲೀಕನ ಸಾಲ ಮುಳುಗಿ, ಎರಡನೆಯವನು ಅಗ್ಗಕ್ಕೆ ಕೊಂಡ ಮೇಲೆ. ನಡುವಿನ ವರ್ಷಗಳಲ್ಲಿ ಪೆಟ್ಟು ತಿಂದವರು ಸಂಬಳ ನಿಂತ ನೌಕರರು, ಸಾಮಾನು ಪೂರೈಸಿದವರು, ತೆರಿಗೆ ನಂಬಿ ಬಜೆಟ್ ಹಾಕಿದ ಊರುಗಳು. ‘ಖಾಸಗಿ ಬಂಡವಾಳ, ಸರ್ಕಾರಕ್ಕೇನೂ ಹೊರೆಯಿಲ್ಲ’ ಎಂಬ ಮಾತನ್ನು ಯೋಜನೆಯ ಕಡೆಯವರು ಹೇಳುವಾಗ ಈ ನಡುವಿನ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ.

ಯೂಟಾದ ಟಷರ್ ಪರ್ವತಗಳಲ್ಲಿ ಇನ್ನೊಂದು ತಿರುವು ಕಂಡಿತು. 2002ರಲ್ಲಿ ಮುಚ್ಚಿದ ಎಲ್ಕ್ ಮೆಡೋಸ್ ಗುಡ್ಡವನ್ನು ಮೌಂಟ್ ಹಾಲಿ ಕ್ಲಬ್ ಎಂಬ ಖಾಸಗಿ ರೆಸಾರ್ಟ್ ಮಾಡುವ ಯೋಜನೆ, 2008ರ ಆರ್ಥಿಕ ಕುಸಿತದ ಹೊತ್ತಿಗೆ ಮಕಾಡೆ ಬಿತ್ತು. ಎರಡು ವರ್ಷದ ಮೇಲೆ ಬೇರೆ ಹೂಡಿಕೆದಾರರು ಅದನ್ನು ಈಗಲ್ ಪಾಯಿಂಟ್ ಎಂಬ ಹೆಸರಿನಲ್ಲಿ ತೆರೆದರು, ಟಿಕೆಟ್ ಕೊಂಡು ಯಾರು ಬೇಕಾದರೂ ಬರಬಹುದಾದ ಸ್ಕೀ ತಾಣವಾಗಿ.

ಖಾಸಗಿ ಕ್ಲಬ್ಬಿನ ಪರವಾಗಿ ಇರುವ ವಾದ ಹಗುರವಾದದ್ದಲ್ಲ. ಅಲ್ಲಿ ಮನೆ ಕೊಳ್ಳುವವರಲ್ಲಿ ಹೆಚ್ಚಿನವರು ವರ್ಷದಲ್ಲಿ ಕೆಲವು ವಾರ ಮಾತ್ರ ಬಂದುಹೋಗುತ್ತಾರೆ. ಅವರ ಮಕ್ಕಳು ಊರಿನ ಶಾಲೆಗೆ ಸೇರುವುದಿಲ್ಲ, ಆದರೆ ಅವರ ಆಸ್ತಿ ತೆರಿಗೆ ಶಾಲೆಗೆ ಸೇರುತ್ತದೆ. ಗಣಿಯೂ ದನಗಾವಲೂ ಕ್ಷೀಣಿಸುತ್ತಿರುವ ಕೌಂಟಿಯಲ್ಲಿ ಆ ಹಣ ಬೇಡವೆನ್ನುವುದು ಸುಲಭವಲ್ಲ. ನೂರಾರು ಕಾರು ದಿನಾ ಬಂದುಹೋಗುವ ಸಾರ್ವಜನಿಕ ಬೆಟ್ಟಕ್ಕಿಂತ ಕ್ಲಬ್ಬಿನ ಗದ್ದಲ ಕಡಿಮೆ ಎಂಬುದೂ ಸರಿ.

ಆದರೆ ಕ್ಲಬ್ಬಿನೊಳಗೆ ಹಾಸಿಗೆ ಹಾಸುವವರು, ಲಿಫ್ಟ್ ನಡೆಸುವವರು, ಪಾತ್ರೆ ತೊಳೆಯುವವರು ಎಲ್ಲಿ ಇರಬೇಕು? ಯೆಲ್ಲೋಸ್ಟೋನ್ ಕ್ಲಬ್ ಇರುವ ಬಿಗ್ ಸ್ಕೈ ಭಾಗದಲ್ಲಿ ಬಾಡಿಗೆ ಕೊಡಲಾಗದೆ ಎಷ್ಟೋ ಕೆಲಸಗಾರರು ಬೋಜ್‌ಮನ್ ನಗರದಿಂದ ಕಣಿವೆಯ ಹಿಮರಸ್ತೆಯಲ್ಲಿ ದಿನಾ ಓಡಾಡುತ್ತಾರೆ. ಸ್ಟೀಮ್‌ಬೋಟ್‌ನಲ್ಲಿ ಈಗಾಗಲೇ ಮನೆ ಬೆಲೆ ಕೈಗೆಟುಕದೆ ಜನ ದಕ್ಷಿಣಕ್ಕೆ, ಸ್ಟೇಜ್‌ಕೋಚ್ ಕಡೆಗೇ, ಬಂದು ನೆಲೆಸಿದ್ದಾರೆ. ಅಲ್ಲೂ ಬೆಲೆ ಏರಿದರೆ ಅವರು ಇನ್ನೆಲ್ಲಿಗೆ ಹೋಗಬೇಕು ಎಂಬುದು ವಿರೋಧಿಸುವವರ ಅತ್ಯಂತ ನ್ಯಾಯವಾದ ಪ್ರಶ್ನೆ.

ನೀರಿನ ಪ್ರಶ್ನೆಯೂ ಅಷ್ಟೇ ಗಟ್ಟಿಯಾದದ್ದು. ಕೊಲರಾಡೊದ ಕಾನೂನಿನಲ್ಲಿ ಮೊದಲು ನೀರು ಬಳಸಿದವನಿಗೆ ಮೊದಲ ಹಕ್ಕು. ಬರ ಬಂದರೆ ಈಚೆಗೆ ಬಂದವನ ತೂಬು ಮೊದಲು ಮುಚ್ಚುತ್ತದೆ. ಯಾಂಪಾ ನದಿಯ ಮುಖ್ಯ ಹರಿವಿನಲ್ಲಿ ಹಾಗೆ ತೂಬು ಮುಚ್ಚಿಸುವ ಸ್ಥಿತಿ ಚರಿತ್ರೆಯಲ್ಲೇ ಮೊದಲ ಸಲ ಬಂದದ್ದು 2018ರ ಬೇಸಿಗೆಯಲ್ಲಿ. ಅದರ ಮೇಲೆ ಗಾಲ್ಫ್ ಮೈದಾನದ ಹುಲ್ಲು, ನೂರಾರು ಮನೆಯ ನಲ್ಲಿ, ಹಿಮಯಂತ್ರ ಬಂದು ಕೂರುವುದಾದರೆ ಕೆಳಗಿನ ಹುಲ್ಲುಗದ್ದೆಯ ರೈತ ಆತಂಕಪಡದೆ ಇರಲಾರ.

ಖಾಸಗಿ ಕ್ಲಬ್ ಇಲ್ಲವೇ ಪಾಳುಗುಡ್ಡ, ಇವೆರಡೇ ದಾರಿ ಎಂಬಂತೆ ಇಂಥ ಯೋಜನೆ ಬಂದ ಊರುಗಳ ಸಭೆಗಳಲ್ಲಿ ಮಾತು ಸಾಗುತ್ತದೆ. ವರ್ಮಾಂಟ್‌ನ ವೆಸ್ಟ್ ವಿಂಡ್ಸರ್ ಊರು ಮೂರನೆಯದನ್ನು ಮಾಡಿ ತೋರಿಸಿತು. ಅಲ್ಲಿನ ಅಸ್ಕಟ್ನಿ ಗುಡ್ಡ 2010ರಲ್ಲಿ ಮುಚ್ಚಿತು. ವೇಗದ ಲಿಫ್ಟ್ ನೆರೆಯ ನ್ಯೂ ಹ್ಯಾಂಪ್‌ಶೈರ್‌ನ ಇನ್ನೊಂದು ಬೆಟ್ಟಕ್ಕೆ ಮಾರಾಟವಾಯಿತು. ಊರಿನ ಅಂಗಡಿಯೂ ಬಾಗಿಲು ಹಾಕಿತು. ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನರಿರುವ ಆ ಊರು 2014ರಲ್ಲಿ ಮತ ಹಾಕಿ, 1,05,000 ಡಾಲರ್ ಕೊಟ್ಟು, ಭೂಸಂರಕ್ಷಣಾ ಸಂಸ್ಥೆಯೊಂದರ ನೆರವಿನಿಂದ 469 ಎಕರೆ ಗುಡ್ಡವನ್ನು ಊರಿನ ಆಸ್ತಿಯಾಗಿ ಮಾಡಿಕೊಂಡಿತು. ಅಸ್ಕಟ್ನಿ ಔಟ್‌ಡೋರ್ಸ್ ಎಂಬ ಲಾಭರಹಿತ ಸಂಘ ಹುಟ್ಟಿತು. ಗುಡ್ಡದ ಕೆಳಭಾಗದಲ್ಲಿ ಮೊದಲು ಹಗ್ಗದ ಎಳೆತ, ಆಮೇಲೆ ಸೊಂಟದ ಹಿಂದೆ ಅಡ್ಡಪಟ್ಟಿ ಇಟ್ಟು ಎಳೆಯುವ ಟಿ-ಬಾರ್ ಬಂತು. ದುಡಿಯುವವರಲ್ಲಿ ಬಹುಪಾಲು ಸ್ವಯಂಸೇವಕರು. ಮೇಲಿನ ಹಾದಿಗಳಿಗೆ ಲಿಫ್ಟ್ ಇಲ್ಲ. ಸ್ಕೀ ಅಡಿಗೆ ಜಾರದ ಪಟ್ಟಿ ಕಟ್ಟಿಕೊಂಡು ನಡೆದು ಹತ್ತಿದವರು ಜಾರಿ ಇಳಿಯುತ್ತಾರೆ. ಬೇಸಿಗೆಯಲ್ಲಿ ಅಲ್ಲೇ ಸೈಕಲ್ ದಾರಿಗಳು. ಊರಿನ ಅಂಗಡಿಯೂ ಮತ್ತೆ ತೆರೆಯಿತು.

ಅಸ್ಕಟ್ನಿಯ ಮಾದರಿ ಸ್ಟೇಜ್‌ಕೋಚ್‌ಗೆ ಹಾಗೇ ಒಗ್ಗುತ್ತದೆಂದು ಹೇಳಲಾಗದು. ಅದು ಸಣ್ಣ ಗುಡ್ಡ, ಸಣ್ಣ ಬೆಲೆ. ಇದು ಕೊಲರಾಡೊದ ವಿಶಾಲ ಜಮೀನು, ಖಾಸಗಿ ಒಡೆತನ. ಆದರೆ ಅನುಮತಿ ಕೊಡುವ ಅಧಿಕಾರ ಕೌಂಟಿಯ ಕೈಯಲ್ಲಿರುವಾಗ ಕೇಳಿ ಬರೆಸಿಕೊಳ್ಳಬಹುದಾದದ್ದು ಬಹಳಷ್ಟಿದೆ. ಕೆಲಸಗಾರರ ಮನೆಗಳು ಕೋಟ್ಯಧೀಶರ ಮನೆಗಳಿಗಿಂತ ಮೊದಲು ಏಳಬೇಕು. ಊರಿನ ಶಾಲಾಮಕ್ಕಳು ಆ ಬೆಟ್ಟದಲ್ಲಿ ಸ್ಕೀ ಕಲಿಯುವ ಹಕ್ಕು ನೋಂದಾಯಿತ ಕರಾರಿನಲ್ಲಿರಬೇಕು. ಮಾಲೀಕ ಬದಲಾದರೂ ಅದು ಜಮೀನಿನೊಂದಿಗೇ ಸಾಗಬೇಕು. ಸೈಟು ಮಾರುವ ಮೊದಲೇ ನೀರು, ಒಳಚರಂಡಿಗೆ ಹಣ ಕಟ್ಟಿರಬೇಕು. ಕಲ್ಲಿದ್ದಲು ತೆಗೆಯುವ ಕಂಪನಿಗಳು ಅಮೆರಿಕದಲ್ಲಿ 1977ರ ಕಾನೂನಿನ ಪ್ರಕಾರ ನೆಲವನ್ನು ಮತ್ತೆ ಸರಿಪಡಿಸುವ ಖರ್ಚಿಗೆ ಮುಂಚೆಯೇ ಠೇವಣಿ ಇಡಬೇಕು. ಖಾಸಗಿ ಜಮೀನಿನ ಸ್ಕೀ ಗುಡ್ಡಕ್ಕೂ ಕೌಂಟಿ ಅಂಥದೊಂದು ಠೇವಣಿ ಕೇಳಬೇಕು. ಕಂಪನಿ ಕೈಚೆಲ್ಲಿದ ದಿನ ಲಿಫ್ಟ್ ಕಂಬ ಕೀಳಿಸಲು, ಅರೆಬರೆ ರಸ್ತೆಯ ಮಣ್ಣು ಕೊಚ್ಚಿಹೋಗದಂತೆ ಗಿಡ ನೆಡಿಸಲು ಆ ಹಣ ಕೌಂಟಿಯ ಖಾತೆಯಲ್ಲಿ ಇರುತ್ತದೆ.